ರಾತ್ರಿ ಸುಲಭವಾಗಿ ನಿದ್ರೆ ಬರಲು ಅನುಸರಿಸಬೇಕಾದ ಕ್ರಮಗಳು ಹಾಗೂ ಲಭ್ಯವಿರುವ ಆರೋಗ್ಯ ಸೇವೆಗಳು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಹಾಸಿಗೆಯಲ್ಲಿ ಮಲಗಿದ ನಂತರವೂ ಬಹಳ ಹೊತ್ತು ನಿದ್ರೆ ಬಾರದಿರುವುದು, ನಡುರಾತ್ರಿ ಎಚ್ಚರವಾಗಿ ಪುನಃ ನಿದ್ರೆ ಹತ್ತದಿರುವುದು ಹಾಗೂ ಬೆಳಗಿನ ಜಾವಕ್ಕೆ ಬಹಳ ಮುಂಚೆಯೇ ಎಚ್ಚರವಾಗುವುದು, ಈ ಮೂರನ್ನೂ ನಿದ್ರಾಹೀನತೆಯೆಂದು ಪರಿಗಣಿಸಲಾಗುತ್ತದೆ. ಮದುವೆ, ಮರಣ, ಪರೀಕ್ಷೆ, ಸಾಲ, ಕಾಯಿಲೆ ಮುಂತಾದ ಕಾರಣಗಳಿಂದ ಕೆಲವು ದಿನ ನಿದ್ರೆ ಕೆಡುವುದು ಸಹಜವಾಗಿದ್ದು, ಅದು ತಾನಾಗಿಯೇ ಸರಿಹೋಗುತ್ತದೆ. ವಾರಕ್ಕೆ 3 ಅಥವಾ ಅದಕ್ಕಿಂತ ಹೆಚ್ಚು ರಾತ್ರಿಗಳಂತೆ 3 ತಿಂಗಳ ಕಾಲ ಈ ತೊಂದರೆ ಮುಂದುವರಿದು, ಹಗಲಿನ ಕೆಲಸಕ್ಕೆ ಅಡ್ಡಿಯಾದಲ್ಲಿ ಅದನ್ನು ದೀರ್ಘಕಾಲೀನ ನಿದ್ರಾಹೀನತೆ ಎನ್ನಲಾಗುತ್ತದೆ. ಇದಕ್ಕೆ ಚಿಕಿತ್ಸೆಯುಂಟು, ಮತ್ತು ಆ ಚಿಕಿತ್ಸೆಯ ಮೊದಲ ಹಂತ ಮಾತ್ರೆಯಲ್ಲ.

ನಿದ್ರೆಯನ್ನು ಬಲವಂತದಿಂದ ತರಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಏಳುವ ವೇಳೆಯನ್ನು ನಿಶ್ಚಯಿಸಲು ಪ್ರತಿಯೊಬ್ಬರಿಗೂ ಸಾಧ್ಯವಿದೆ. ಈ ಪುಟದಲ್ಲಿ ನೀಡಲಾಗಿರುವ ಎಲ್ಲ ಕ್ರಮಗಳೂ ಈ ಒಂದು ತತ್ತ್ವವನ್ನು ಆಧರಿಸಿವೆ.

2. ನಿದ್ರೆಯು ಹೇಗೆ ಬರುತ್ತದೆ

ನಿದ್ರೆಯನ್ನು ಎರಡು ವ್ಯವಸ್ಥೆಗಳು ನಿಯಂತ್ರಿಸುತ್ತವೆ. ಈ ವಿವರಣೆಯನ್ನು ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿಯು 1982ರಲ್ಲಿ ಮಂಡಿಸಿದರು.

ಅ) ನಿದ್ರೆಯ ಒತ್ತಡ: ಬೆಳಿಗ್ಗೆ ಎದ್ದ ಕ್ಷಣದಿಂದ ನಿದ್ರೆಯ ಅವಶ್ಯಕತೆಯು ದೇಹದಲ್ಲಿ ಸಂಚಯವಾಗುತ್ತಾ ಹೋಗುತ್ತದೆ. ಮೆದುಳಿನಲ್ಲಿ ಅಡೆನೋಸಿನ್ ಎಂಬ ಪದಾರ್ಥವು ಹೆಚ್ಚುತ್ತಾ ಬರುವುದು ಇದಕ್ಕೆ ಒಂದು ಕಾರಣ. ಉಳಿತಾಯ ಖಾತೆಯಲ್ಲಿ ಹಣ ಬೆಳೆಯುವಂತೆ ಇದು ಗಂಟೆ ಗಂಟೆಗೂ ಬೆಳೆಯುತ್ತದೆ. ಸಂಜೆಯ ಹೊತ್ತು ಒಂದು ಗಂಟೆ ನಿದ್ರಿಸಿದಲ್ಲಿ ಆ ಮೊತ್ತವನ್ನು ಮುಂಚಿತವಾಗಿಯೇ ಹಿಂಪಡೆದಂತಾಗುವುದರಿಂದ ರಾತ್ರಿಗೆ ಸಾಲದಾಗುತ್ತದೆ.

ಆ) ದೇಹದ ಗಡಿಯಾರ: ಮೆದುಳಿನಲ್ಲಿರುವ ಒಂದು ಸಣ್ಣ ಕೇಂದ್ರವು ಸುಮಾರು 24 ಗಂಟೆಗಳ ಆವರ್ತದಲ್ಲಿ ಎಚ್ಚರ ಮತ್ತು ನಿದ್ರೆಯ ವೇಳೆಯನ್ನು ನಿರ್ಧರಿಸುತ್ತದೆ. ಬೆಳಗಿನ ಬೆಳಕು ಈ ಗಡಿಯಾರವನ್ನು ಪ್ರತಿದಿನ ಸರಿಪಡಿಸುತ್ತದೆ. ಕತ್ತಲಾದಂತೆ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ, ದೇಹದ ಒಳಗಿನ ಉಷ್ಣತೆಯು ತುಸು ಇಳಿದು, ನಿದ್ರೆಗೆ ದಾರಿಯಾಗುತ್ತದೆ. ಜೀವಕೋಶಗಳಲ್ಲಿ ಈ ಗಡಿಯಾರವು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪಾರಿತೋಷಕ ನೀಡಲಾಯಿತು.

ಈ ಎರಡು ವ್ಯವಸ್ಥೆಗಳೂ ಬೆಳಗಿನಿಂದಲೇ ಲೆಕ್ಕ ಆರಂಭಿಸುವುದರಿಂದ, ರಾತ್ರಿಯ ನಿದ್ರೆಯು ಬೆಳಿಗ್ಗೆ ಎದ್ದ ವೇಳೆಯನ್ನು ಅವಲಂಬಿಸಿರುತ್ತದೆ. ಪ್ರತಿದಿನ ಬೇರೆ ಬೇರೆ ವೇಳೆಗೆ ಏಳುವವರಲ್ಲಿ ಎರಡೂ ವ್ಯವಸ್ಥೆಗಳು ತಾಳ ತಪ್ಪುತ್ತವೆ.

ವಯಸ್ಸಿಗನುಗುಣವಾಗಿ ಬೇಕಾಗುವ ನಿದ್ರೆಯ ಪ್ರಮಾಣ ಸಾಮಾನ್ಯವಾಗಿ ಈ ಕೆಳಗಿನಂತಿದೆ:

6ರಿಂದ 13 ವರ್ಷ: 9ರಿಂದ 11 ಗಂಟೆ
14ರಿಂದ 17 ವರ್ಷ: 8ರಿಂದ 10 ಗಂಟೆ
18ರಿಂದ 64 ವರ್ಷ: 7ರಿಂದ 9 ಗಂಟೆ
65 ವರ್ಷ ಮೇಲ್ಪಟ್ಟವರು: 7ರಿಂದ 8 ಗಂಟೆ

3. ಈ ಮೂರು ತಾಲ್ಲೂಕುಗಳಲ್ಲಿ ರಾತ್ರಿಯ ಸ್ವರೂಪ

ಈ ಭಾಗದಲ್ಲಿ ರಾತ್ರಿಯು ಕೇವಲ ವಿಶ್ರಾಂತಿಯ ಕಾಲವಾಗಿ ಉಳಿದಿಲ್ಲ. ದೀಪಾವಳಿಯ ನಂತರ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು, ಬೇಶ ತಿಂಗಳ 10ನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ತಿಂಗಳ 24ರ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಕೆಲವು ಮೇಳಗಳು ಕಾಲಮಿತಿ ಪ್ರಯೋಗವನ್ನು ಅಳವಡಿಸಿಕೊಂಡಿದ್ದರೂ, ಇರುಳಿಡೀ ಆಟ ನೋಡುವ ರೂಢಿ ಇನ್ನೂ ಉಳಿದಿದೆ. ಇದೇ ಅವಧಿಯಲ್ಲಿ ಊರೂರುಗಳಲ್ಲಿ ಕೋಲ, ನೇಮ, ಜಾತ್ರೆಗಳು ನಡೆಯುತ್ತವೆ. ಮೂಡುಬಿದಿರೆಯ ಒಂಟಿಕಟ್ಟೆ ಕಡಲಕೆರೆ, ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ ಮತ್ತು ಕಕ್ಯಪದವು, ಬೆಳ್ತಂಗಡಿ ತಾಲ್ಲೂಕಿನ ವೇಣೂರು ಮುಂತಾದ ಕಡೆಗಳ ಕಂಬಳಗಳು ಹಗಲಿನಲ್ಲಿ ಆರಂಭವಾಗಿ ರಾತ್ರಿಯಿಡೀ ಸಾಗುತ್ತವೆ.

ದುಡಿಮೆಯ ಕಾರಣದಿಂದ ರಾತ್ರಿ ಕಳೆಯುವವರೂ ಬಹಳ ಮಂದಿ ಇದ್ದಾರೆ. ಮನೆಗೆಲಸ ಮುಗಿಸಿ ದೀಪದ ಕೆಳಗೆ ಬೀಡಿ ಕಟ್ಟುವ ಮಹಿಳೆಯರು, ನಸುಕಿಗೆ ಮೊದಲೇ ತಲೆದೀಪ ಕಟ್ಟಿಕೊಂಡು ರಬ್ಬರ್ ತೋಟಕ್ಕೆ ಹೋಗುವ ಟ್ಯಾಪರ್‌ಗಳು, ಘಟ್ಟ ಹತ್ತಿಳಿಯುವ ಬಸ್ಸು ಮತ್ತು ಲಾರಿ ಚಾಲಕರು, ಮೂಡುಬಿದಿರೆ ಮತ್ತು ಉಜಿರೆಯ ವಸತಿನಿಲಯಗಳಲ್ಲಿ ಓದುವ ವಿದ್ಯಾರ್ಥಿಗಳು ಇವರಲ್ಲಿ ಸೇರಿದ್ದಾರೆ. ಕೊಕ್ಕಡ, ಪಟ್ರಮೆ ಸುತ್ತಮುತ್ತ ಎಂಡೋಸಲ್ಫಾನ್ ಬಾಧಿತರನ್ನು ಮನೆಯಲ್ಲಿಯೇ ನೋಡಿಕೊಳ್ಳುವ ತಾಯಂದಿರಿಗೆ ಪ್ರತಿ ರಾತ್ರಿಯೂ ಅರೆನಿದ್ರೆಯೇ ಆಗಿದೆ.

ಆದ್ದರಿಂದ "ರಾತ್ರಿ 9 ಗಂಟೆಗೆ ಮಲಗಿರಿ" ಎಂಬ ಒಂದೇ ಸಲಹೆಯು ಎಲ್ಲರಿಗೂ ಅನ್ವಯವಾಗಲಾರದು. ಯಾರು ಯಾವ ಕೆಲಸದಲ್ಲಿದ್ದರೂ ಪಾಲಿಸಬಹುದಾದ ಕ್ರಮಗಳನ್ನು ಮುಂದಿನ ಭಾಗದಲ್ಲಿ ವಿವರಿಸಲಾಗಿದೆ.

4. ಅನುಸರಿಸಬೇಕಾದ ಕ್ರಮಗಳು

4.1 ಏಳುವ ವೇಳೆ: ಎಷ್ಟು ಗಂಟೆಗೆ ಮಲಗಿದರೂ, ರಾತ್ರಿ ಎಷ್ಟೇ ಕಡಿಮೆ ನಿದ್ರೆಯಾಗಿದ್ದರೂ, ಭಾನುವಾರವೂ ಸೇರಿದಂತೆ ಪ್ರತಿದಿನ ಒಂದೇ ವೇಳೆಗೆ ಏಳತಕ್ಕದ್ದು. ಮೊದಲ ವಾರ ಇದು ಕಷ್ಟವೆನಿಸುತ್ತದೆ. ಆದರೆ ಉಳಿದೆಲ್ಲ ಕ್ರಮಗಳಿಗೆ ಇದೇ ಅಡಿಪಾಯವಾಗಿದೆ.

4.2 ಬೆಳಗಿನ ಬೆಳಕು: ಈ ಜಿಲ್ಲೆಯಲ್ಲಿ ವರ್ಷವಿಡೀ ಬೆಳಿಗ್ಗೆ 6ರಿಂದ 7 ಗಂಟೆಯ ನಡುವೆ ಸೂರ್ಯೋದಯವಾಗುತ್ತದೆ. ಎದ್ದ ಒಂದು ಗಂಟೆಯೊಳಗೆ ಅಂಗಳದಲ್ಲಿ ಅಥವಾ ತೋಟದಲ್ಲಿ ಅರ್ಧ ಗಂಟೆ ಇರುವುದು ಉತ್ತಮ. ಮಳೆಗಾಲದಲ್ಲಿ ಮೋಡ ಮುಚ್ಚಿದ್ದರೂ ಹೊರಗಿನ ಬೆಳಕು ಕೋಣೆಯ ವಿದ್ಯುತ್ ದೀಪಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಆಟಿ ತಿಂಗಳಲ್ಲಿಯೂ ಜಗಲಿಯಲ್ಲಿ ಕುಳಿತು ಪ್ರಯೋಜನ ಪಡೆಯಬಹುದು.

4.3 ಹಾಸಿಗೆಯ ಉಪಯೋಗ: ಹಾಸಿಗೆಯನ್ನು ನಿದ್ರೆಗಾಗಿ ಮತ್ತು ದಾಂಪತ್ಯಕ್ಕಾಗಿ ಮಾತ್ರ ಬಳಸುವುದು. ಮೊಬೈಲ್ ನೋಡುವುದು, ಲೆಕ್ಕ ಬರೆಯುವುದು, ಬೀಡಿ ಎಲೆ ಕತ್ತರಿಸುವುದು, ಊಟ ಮಾಡುವುದು ಮುಂತಾದ ಕೆಲಸಗಳನ್ನು ಹಾಸಿಗೆಯ ಮೇಲೆ ಮಾಡಬಾರದು. ಒಂದೇ ಕೋಣೆಯಿರುವ ಮನೆಯಲ್ಲಿ ಮಲಗುವ ವೇಳೆಗಷ್ಟೇ ಚಾಪೆ ಬಿಡಿಸಿ, ಎದ್ದ ಕೂಡಲೇ ಸುತ್ತಿಡುವ ಹಿಂದಿನ ಪದ್ಧತಿಯು ಈ ಉದ್ದೇಶಕ್ಕೆ ಬಹಳ ಅನುಕೂಲಕರವಾಗಿದೆ.

4.4 ನಿದ್ರೆ ಬಾರದಿದ್ದಲ್ಲಿ: ತೂಕಡಿಕೆ ಬಂದ ನಂತರವೇ ಮಲಗತಕ್ಕದ್ದು. ದಣಿವು ಬೇರೆ, ತೂಕಡಿಕೆ ಬೇರೆ. ಮಲಗಿದ ಸುಮಾರು 20 ನಿಮಿಷಗಳಲ್ಲಿ ನಿದ್ರೆ ಬಾರದಿದ್ದಲ್ಲಿ ಹೊರಳಾಡದೆ ಎದ್ದು, ಬೇರೊಂದು ಜಾಗದಲ್ಲಿ ಮಂದ ಬೆಳಕಿನಲ್ಲಿ ಕುಳಿತು, ಹೂ ಕಟ್ಟುವುದು, ಬಟ್ಟೆ ಮಡಚುವುದು, ಓದಿದ ಪುಸ್ತಕವನ್ನೇ ಪುನಃ ಓದುವುದು ಮುಂತಾದ ಮನಸ್ಸನ್ನು ಕೆರಳಿಸದ ಕೆಲಸದಲ್ಲಿ ತೊಡಗಬೇಕು. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಮರಳಬೇಕು. ಅವಶ್ಯವಿದ್ದಲ್ಲಿ ಒಂದೇ ರಾತ್ರಿಯಲ್ಲಿ ಹಲವು ಬಾರಿ ಹೀಗೆ ಮಾಡಬಹುದು. ಗಡಿಯಾರವನ್ನು ಕಣ್ಣಿಗೆ ಕಾಣದಂತೆ ತಿರುಗಿಸಿಡುವುದು ಒಳ್ಳೆಯದು. 20 ನಿಮಿಷವೆಂಬುದು ಅಂದಾಜೇ ಹೊರತು ಗಡಿಯಾರ ನೋಡಿ ಎಣಿಸುವುದಕ್ಕಲ್ಲ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಈ ವಿಧಾನವು ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಪ್ರಮುಖವಾಗಿದೆ. ಹಾಸಿಗೆಯೆಂದರೆ ಎಚ್ಚರವಾಗಿರುವ ಜಾಗವೆಂದು ಕಲಿತ ಮನಸ್ಸಿಗೆ, ಅದು ನಿದ್ರೆಯ ಜಾಗವೆಂದು ಪುನಃ ಕಲಿಸುವುದು ಇದರ ಉದ್ದೇಶ.

4.5 ಚಹಾ ಮತ್ತು ಕಾಫಿ: ಸೇವಿಸಿದ ಕೆಫೀನಿನ ಅರ್ಧ ಭಾಗವು ಸುಮಾರು 5 ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಆದಕಾರಣ ಮಧ್ಯಾಹ್ನ 3 ಗಂಟೆಯ ನಂತರ ಚಹಾ, ಕಾಫಿ ಸೇವಿಸದಿರುವುದು ಸೂಕ್ತ. ಸಂಜೆಯ ಹೊತ್ತು ಬಿಸಿಯಾದ ಪಾನೀಯವೇ ಬೇಕೆಂಬುವವರು ಕೊತ್ತಂಬರಿ ಜೀರಿಗೆಯ ಕಷಾಯವನ್ನು ಸೇವಿಸಬಹುದು.

4.6 ಮದ್ಯ ಮತ್ತು ತಂಬಾಕು: ಮದ್ಯಪಾನದಿಂದ ನಿದ್ರೆ ಬೇಗ ಬಂದರೂ, ಅದರ ಅಮಲು ಇಳಿದಂತೆ ರಾತ್ರಿಯ ಉತ್ತರಾರ್ಧದಲ್ಲಿ ಪದೇ ಪದೇ ಎಚ್ಚರವಾಗುತ್ತದೆ. ಗೊರಕೆಯೂ ಹೆಚ್ಚುತ್ತದೆ. ಬೀಡಿ, ಸಿಗರೇಟು ಮತ್ತು ಹೊಗೆಸೊಪ್ಪು ಹಾಕಿದ ವೀಳ್ಯದಲ್ಲಿರುವ ನಿಕೋಟಿನ್ ಎಚ್ಚರವನ್ನುಂಟುಮಾಡುವ ಪದಾರ್ಥವಾಗಿರುತ್ತದೆ.

4.7 ಬಿಸಿನೀರ ಸ್ನಾನ: ಮಲಗುವುದಕ್ಕೆ 1ರಿಂದ 2 ಗಂಟೆ ಮೊದಲು 10 ನಿಮಿಷದಷ್ಟು ಬಿಸಿನೀರಿನ ಸ್ನಾನ ಮಾಡಿದಲ್ಲಿ, ಚರ್ಮದ ರಕ್ತನಾಳಗಳು ಹಿಗ್ಗಿ ದೇಹದ ಒಳಗಿನ ಉಷ್ಣತೆ ಇಳಿಯುವುದರಿಂದ ನಿದ್ರೆ ಬೇಗ ಬರುತ್ತದೆ. ಕೆಲಸ ಮುಗಿಸಿ ಬಂದು ಬಚ್ಚಲಿನ ಹಂಡೆಯ ಬಿಸಿನೀರು ಸ್ನಾನ ಮಾಡುವ ಇಲ್ಲಿನ ರೂಢಿಯನ್ನು ಮುಂದುವರಿಸುವುದು ಹಿತಕರ. ಆದರೆ ಸ್ನಾನ ಮುಗಿದ ಕೂಡಲೇ ಮಲಗಬಾರದು.

4.8 ಚಿಂತೆಯನ್ನು ಬರೆದಿಡುವುದು: ಮಾರನೆಯ ದಿನದ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದಲ್ಲಿ, ಮಲಗುವ ಮೊದಲು 5 ನಿಮಿಷ ಅವುಗಳ ಪಟ್ಟಿ ಬರೆದಿಡಬೇಕು. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ 57 ಮಂದಿಯನ್ನು ಪರೀಕ್ಷಿಸಲಾಗಿ, ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರಿಗೆ, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ರೆ ಬಂದುದು ಕಂಡುಬಂದಿತು. ಪಟ್ಟಿಯು "ಸೊಸೈಟಿಗೆ ಹೋಗುವುದು" ಎಂಬಷ್ಟಕ್ಕೆ ನಿಲ್ಲದೆ, "ಸೋಮವಾರ 11 ಗಂಟೆಗೆ ಸೊಸೈಟಿಗೆ ಹೋಗಿ ಕಂತಿನ ವಿವರ ಕೇಳುವುದು" ಎಂಬಂತೆ ನಿರ್ದಿಷ್ಟವಾಗಿದ್ದಷ್ಟು ಪ್ರಯೋಜನ ಹೆಚ್ಚು.

4.9 ಸ್ನಾಯುಗಳನ್ನು ಸಡಿಲಿಸುವುದು: ಪಾದದಿಂದ ಆರಂಭಿಸಿ ಒಂದೊಂದೇ ಅಂಗದ ಸ್ನಾಯುಗಳನ್ನು 5 ಸೆಕೆಂಡು ಬಿಗಿಹಿಡಿದು, ನಿಧಾನವಾಗಿ ಉಸಿರು ಬಿಡುತ್ತಾ ಸಡಿಲಿಸುವುದು. ಕಾಲು, ಹೊಟ್ಟೆ, ಕೈ, ಭುಜ, ಮುಖ ಹೀಗೆ ಕ್ರಮವಾಗಿ ಮುಂದುವರಿಯುವುದು. ದಿನವಿಡೀ ಬಾಗಿ ಕುಳಿತು ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ ಬೆನ್ನು ಮತ್ತು ಕುತ್ತಿಗೆಯ ಬಿಗಿತ ಕಡಿಮೆಯಾಗಲು ಇದು ಸಹಾಯಕ.

4.10 ಮಲಗುವ ಜಾಗ: ಕೋಣೆಯು ಕತ್ತಲಾಗಿ, ಗಾಳಿಯಾಡುವಂತೆ, ಶಾಂತವಾಗಿರಬೇಕು. ಸೆಕೆಗಾಲದಲ್ಲಿ ಕಿಟಕಿ ತೆರೆದಿಡುವವರು ಕಡ್ಡಾಯವಾಗಿ ಸೊಳ್ಳೆಪರದೆ ಬಳಸಬೇಕು. ಮಲೇರಿಯಾ ತಡೆಗೂ ಇದು ಅವಶ್ಯ.

5. ನಿದ್ರೆಯ ಲೆಕ್ಕಪಟ್ಟಿ

ಮೇಲಿನ ಕ್ರಮಗಳನ್ನು 2 ವಾರ ಪಾಲಿಸಿದ ನಂತರವೂ ಸುಧಾರಣೆ ಕಾಣದವರು ಒಂದು ಪುಸ್ತಕದಲ್ಲಿ ಪ್ರತಿದಿನ ಬೆಳಿಗ್ಗೆ ಈ ನಾಲ್ಕು ವಿವರಗಳನ್ನು ಬರೆಯತಕ್ಕದ್ದು: ಹಾಸಿಗೆಗೆ ಹೋದ ವೇಳೆ, ಅಂದಾಜು ನಿದ್ರೆ ಬಂದ ವೇಳೆ, ನಡುವೆ ಎಚ್ಚರವಿದ್ದ ಒಟ್ಟು ಅವಧಿ ಮತ್ತು ಹಾಸಿಗೆಯಿಂದ ಎದ್ದ ವೇಳೆ.

ಉದಾಹರಣೆ: ಒಬ್ಬರು ರಾತ್ರಿ 9.30ಕ್ಕೆ ಮಲಗಿ ಬೆಳಿಗ್ಗೆ 5.30ಕ್ಕೆ ಏಳುತ್ತಾರೆ. ಹಾಸಿಗೆಯಲ್ಲಿ ಕಳೆದ ಅವಧಿ 8 ಗಂಟೆ. ನಿದ್ರೆ ಬರುವಾಗ 11.30 ಆಗುತ್ತದೆ (2 ಗಂಟೆ ನಷ್ಟ). ನಡುವೆ 1 ಗಂಟೆ ಎಚ್ಚರ. ನಿವ್ವಳ ನಿದ್ರೆ 5 ಗಂಟೆ. 8 ಗಂಟೆಗೆ 5 ಗಂಟೆಯಂತೆ ಶೇಕಡಾ 62.5 ಆಗುತ್ತದೆ. ಶೇಕಡಾ 85 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಸಮಾಧಾನಕರವೆಂದು ತಿಳಿಯಲಾಗುತ್ತದೆ.

ಇಂತಹವರು ಹೆಚ್ಚು ನಿದ್ರೆ ಸಿಗಲೆಂದು ಇನ್ನೂ ಬೇಗ ಮಲಗುವುದು ಸಾಮಾನ್ಯ. ಇದರಿಂದ ಹಾಸಿಗೆಯಲ್ಲಿ ಹೊರಳಾಡುವ ಅವಧಿ ಮಾತ್ರ ಹೆಚ್ಚುತ್ತದೆ. ಸರಿಯಾದ ಕ್ರಮವು ಇದಕ್ಕೆ ವಿರುದ್ಧವಾಗಿದೆ. ನಿವ್ವಳ ನಿದ್ರೆಯ ಸರಾಸರಿಗೆ ಅರ್ಧ ಗಂಟೆ ಸೇರಿಸಿ, ಅಷ್ಟೇ ಅವಧಿಯನ್ನು ಹಾಸಿಗೆಯಲ್ಲಿ ಕಳೆಯಬೇಕು. ಮೇಲಿನ ಉದಾಹರಣೆಯಲ್ಲಿ ಅದು ಐದೂವರೆ ಗಂಟೆ, ಅಂದರೆ ರಾತ್ರಿ 12ಕ್ಕೆ ಮಲಗಿ 5.30ಕ್ಕೆ ಏಳುವುದು. ಒಂದು ವಾರದಲ್ಲಿ ಈ ಅವಧಿಯ ಶೇಕಡಾ 85ಕ್ಕಿಂತ ಹೆಚ್ಚು ಭಾಗ ನಿದ್ರೆಯಾದಲ್ಲಿ, ಮಲಗುವ ವೇಳೆಯನ್ನು 15 ನಿಮಿಷ ಹಿಂದಕ್ಕೆ ತಂದು 11.45 ಮಾಡುವುದು. ಹೀಗೆ ವಾರಕ್ಕೆ 15 ನಿಮಿಷದಂತೆ, ಹಗಲು ಉಲ್ಲಾಸದಿಂದಿರುವಷ್ಟು ನಿದ್ರೆ ದೊರೆಯುವವರೆಗೆ ಮುಂದುವರಿಸುವುದು. ಏಳುವ ವೇಳೆಯನ್ನು ಮಾತ್ರ ಬದಲಿಸಬಾರದು. ಯಾವ ಕಾರಣಕ್ಕೂ ಈ ಅವಧಿಯನ್ನು ಐದೂವರೆ ಗಂಟೆಗಿಂತ ಕಡಿಮೆ ಮಾಡಬಾರದು.

ಸೂಚನೆ: ಮೂರ್ಛೆರೋಗವುಳ್ಳವರು, ಉನ್ಮಾದ ಖಿನ್ನತೆಯ ಕಾಯಿಲೆಯುಳ್ಳವರು, ಗರ್ಭಿಣಿಯರು, ವಾಹನ ಚಾಲಕರು, ಮರ ಏರುವವರು ಹಾಗೂ ಯಂತ್ರಗಳ ಮೇಲೆ ಕೆಲಸ ಮಾಡುವವರು ವೈದ್ಯರ ಸಲಹೆಯಿಲ್ಲದೆ ಭಾಗ 5ರ ಕ್ರಮವನ್ನು ಅನುಸರಿಸಬಾರದು.

6. ರಾತ್ರಿಯಿಡೀ ಎಚ್ಚರವಿದ್ದ ನಂತರ

ಆಟ, ಕೋಲ ಅಥವಾ ಕಂಬಳಕ್ಕೆ ಹೋಗುವವರು ಆ ದಿನ ಮಧ್ಯಾಹ್ನ ಒಂದರಿಂದ ಒಂದೂವರೆ ಗಂಟೆ ಮುಂಗಡವಾಗಿ ನಿದ್ರಿಸುವುದು ಒಳ್ಳೆಯದು. ಮಾರನೆಯ ದಿನ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಮಲಗಿ ಎದ್ದು, ಆ ರಾತ್ರಿ ಎಂದಿನ ವೇಳೆಗೆ ಮಲಗಬೇಕು. ಹಗಲಿಡೀ ಮಲಗಿದಲ್ಲಿ ಮುಂದಿನ ಮೂರು ನಾಲ್ಕು ರಾತ್ರಿಗಳು ಕೆಡುತ್ತವೆ.

ವಾಹನ ಚಾಲನೆಯ ಬಗ್ಗೆ ವಿಶೇಷ ಎಚ್ಚರಿಕೆ ಅವಶ್ಯವಿದೆ. ಸತತವಾಗಿ 17 ಗಂಟೆ ಎಚ್ಚರವಿದ್ದ ವ್ಯಕ್ತಿಯ ಚುರುಕುತನವು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಾಂಶವಿರುವ ವ್ಯಕ್ತಿಯಷ್ಟು ಕುಗ್ಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. 24 ಗಂಟೆ ಎಚ್ಚರವಿದ್ದಲ್ಲಿ ಅದು ಶೇಕಡಾ 0.10ಕ್ಕೆ ಸಮವಾಗುತ್ತದೆ. ಮೋಟಾರು ವಾಹನ ಅಧಿನಿಯಮ, 1988ರ ಕಲಂ 185ರ ಮೇರೆಗೆ ಚಾಲಕರಿಗೆ ಇರುವ ಮಿತಿಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಹಿಂದಿನ ದಿನ ಬೆಳಿಗ್ಗೆ 6ಕ್ಕೆ ಎದ್ದು, ಇರುಳಿಡೀ ಆಟ ನೋಡಿ, ಮಂಗಳ ಹಾಡಿದ ನಂತರ ಬೈಕ್ ಏರುವವರು ಒಂದು ಹನಿ ಮದ್ಯ ಮುಟ್ಟದಿದ್ದರೂ, ಆ ಮಿತಿಯ ಮೂರು ಪಟ್ಟು ಅಮಲಿನಲ್ಲಿರುವವರಷ್ಟೇ ಅಪಾಯದಲ್ಲಿರುತ್ತಾರೆ. ಇವರನ್ನು ತಡೆಯಲು ಯಾವ ಪರೀಕ್ಷಾ ಉಪಕರಣವೂ ಇಲ್ಲ.

ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಮಾರ್ಗ, ಹೆದ್ದಾರಿ 75ರ ಶಿರಾಡಿ ಮಾರ್ಗ ಹಾಗೂ ಮೂಡುಬಿದಿರೆಯ ಮೂಲಕ ಸಾಗುವ ಹೆದ್ದಾರಿ 169ರಲ್ಲಿ ಸಂಚರಿಸುವವರು ಕಣ್ಣು ಎಳೆದಲ್ಲಿ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 15ರಿಂದ 20 ನಿಮಿಷ ಮಲಗತಕ್ಕದ್ದು. ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖ ತೊಳೆಯುವುದು ನಿದ್ರೆಗೆ ಬದಲಿಯಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ಬೆಳಕು ಹರಿದ ನಂತರ ಮೊದಲ ಬಸ್ಸಿನಲ್ಲಿ ಮನೆಗೆ ಮರಳುವುದು ಕ್ಷೇಮಕರ.

7. ವಿಶೇಷ ಗಮನ ಅಗತ್ಯವಿರುವವರು

ಬೀಡಿ ಕಟ್ಟುವವರು: ಮಲಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಸೂಪು (ಗೆರಸೆ) ಕೆಳಗಿಟ್ಟು ಕೈ ತೊಳೆಯುವುದು. ಎಲೆ ಮತ್ತು ಹೊಗೆಸೊಪ್ಪನ್ನು ಮಲಗುವ ಕೋಣೆಯಲ್ಲಿ ಇಡಬಾರದು.

ರಬ್ಬರ್ ಟ್ಯಾಪರ್‌ಗಳು: ನಸುಕಿಗೆ ಏಳುವವರು ಸಂಜೆ ಬೇಗ ದೀಪ ಮಂದಗೊಳಿಸಿ ಬೇಗ ಮಲಗಬೇಕು. ಕೆಲಸವಿಲ್ಲದ ಮಳೆಯ ದಿನಗಳಲ್ಲಿಯೂ ಏಳುವ ವೇಳೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಮಾಡಬಾರದು.

ವಿದ್ಯಾರ್ಥಿಗಳು: ಓದಿದ ವಿಷಯವು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಟ್ಟು ಓದುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಮೊಬೈಲನ್ನು ಬೇರೆ ಕಡೆ ಇಟ್ಟು ಮಲಗುವುದು.

ರೋಗಿಗಳ ಆರೈಕೆ ಮಾಡುವವರು: ಒಬ್ಬರೇ ಎಲ್ಲ ರಾತ್ರಿಗಳನ್ನೂ ನೋಡಿಕೊಳ್ಳುವುದು ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಮನೆಯ ಇತರ ಸದಸ್ಯರು ವಾರದಲ್ಲಿ ಕನಿಷ್ಠ 2 ರಾತ್ರಿಗಳ ಪಾಳಿಯನ್ನು ವಹಿಸಿಕೊಳ್ಳತಕ್ಕದ್ದು. ಆರೈಕೆ ಮಾಡುವವರ ನಿದ್ರಾಹೀನತೆಯನ್ನೂ ಕಾಯಿಲೆಯಂತೆಯೇ ಪರಿಗಣಿಸಿ ಆಶಾ ಕಾರ್ಯಕರ್ತೆಯರಿಗೆ ತಿಳಿಸಬೇಕು.

ಹಿರಿಯ ನಾಗರಿಕರು: ವಯಸ್ಸಾದಂತೆ ನಿದ್ರೆಯು ಹಗುರವಾಗಿ, ಬೇಗ ಎಚ್ಚರವಾಗುವುದು ಸ್ವಾಭಾವಿಕ. ಹಗಲಿನ ನಿದ್ರೆಯನ್ನು ಮಧ್ಯಾಹ್ನ 3 ಗಂಟೆಯೊಳಗೆ, ಅರ್ಧ ಗಂಟೆಗೆ ಮಿತಿಗೊಳಿಸುವುದು.

8. ನಿದ್ರೆ ಮಾತ್ರೆಗಳ ಬಗ್ಗೆ

ಆಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದ ಔಷಧಗಳು ಔಷಧ ನಿಯಮಗಳ ಎಚ್1 ಅನುಸೂಚಿಗೆ ಒಳಪಟ್ಟಿವೆ. 2014ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯ ಮೇರೆಗೆ, ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮಾರುವಂತಿಲ್ಲ. ಮಾರಿದ ವಿವರವನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ 3 ವರ್ಷ ಕಾಯ್ದಿರಿಸತಕ್ಕದ್ದು. ನೆರೆಹೊರೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ಪಡೆದು ಸೇವಿಸುವುದು ಅಪಾಯಕರ.

ಈ ಮಾತ್ರೆಗಳನ್ನು ವೈದ್ಯರು ಅಲ್ಪಾವಧಿಗೆ ಸೂಚಿಸಬಹುದು. ದೀರ್ಘಕಾಲ ಸೇವಿಸಿದಲ್ಲಿ ಅಭ್ಯಾಸವಾಗುವ, ಹಿರಿಯರು ರಾತ್ರಿ ಎದ್ದಾಗ ಬೀಳುವ, ಮದ್ಯದೊಂದಿಗೆ ಸೇರಿದಲ್ಲಿ ಉಸಿರಾಟವೇ ನಿಲ್ಲುವ ಸಂಭವವಿದೆ. ಈಗಾಗಲೇ ತಿಂಗಳುಗಟ್ಟಲೆ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಲ್ಲಿ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಪ್ರಮಾಣವನ್ನು ಹಂತ ಹಂತವಾಗಿ ಇಳಿಸಬೇಕು. ದೀರ್ಘಕಾಲೀನ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಔಷಧಕ್ಕಿಂತ ಮುಂಚೆ, ಭಾಗ 4 ಮತ್ತು 5ರಲ್ಲಿ ಹೇಳಲಾದ ಮಾದರಿಯ ಅಭ್ಯಾಸ ತಿದ್ದುವ ಚಿಕಿತ್ಸೆಯನ್ನೇ ನೀಡಬೇಕೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಶಿಫಾರಸು ಮಾಡಿದೆ.

9. ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಅ) ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತು ಏದುಸಿರಿನೊಂದಿಗೆ ಎಚ್ಚರವಾಗುವುದು, ಹಗಲು ವಿಪರೀತ ತೂಕಡಿಕೆ.
ಆ) ಮಲಗಿದಾಗ ಕಾಲುಗಳಲ್ಲಿ ಹರಿದಾಡಿದಂತಾಗಿ ಅಲುಗಾಡಿಸದೆ ಇರಲಾಗದಿರುವುದು. ಇದು ಕಬ್ಬಿಣಾಂಶದ ಕೊರತೆಯಿಂದಲೂ ಆಗಬಹುದು.
ಇ) ಮೂತ್ರಕ್ಕಾಗಿ ರಾತ್ರಿ ಪದೇ ಪದೇ ಏಳುವುದು, ಎದೆಯುರಿ, ಉಬ್ಬಸ, ಕೀಲುನೋವು.
ಈ) ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಅಕಾರಣ ದುಃಖ, ನಸುಕಿನಲ್ಲಿಯೇ ಎಚ್ಚರವಾಗಿ ಮನಸ್ಸು ಭಾರವಾಗುವುದು.
ಉ) ಹಲವು ದಿನ ನಿದ್ರೆಯಿಲ್ಲದಿದ್ದರೂ ದಣಿವೇ ಇಲ್ಲದಂತೆ ಅತಿಯಾದ ಉತ್ಸಾಹ, ಮಾತು, ಖರ್ಚು.
ಊ) ಬದುಕು ಸಾಕೆನಿಸುವ ಯೋಚನೆ. ಇಂತಹ ಸಂದರ್ಭದಲ್ಲಿ ಬೆಳಗಾಗುವವರೆಗೆ ಕಾಯದೆ ಕೂಡಲೇ ಮನೆಯವರಿಗೆ ತಿಳಿಸಿ, 14416 ಸಂಖ್ಯೆಗೆ ಕರೆ ಮಾಡುವುದು ಅಥವಾ ಹತ್ತಿರದ ಆಸ್ಪತ್ರೆಗೆ ಹೋಗುವುದು.

10. ಲಭ್ಯವಿರುವ ಸೇವೆಗಳು

10.1 ಪ್ರಾಥಮಿಕ ಆರೋಗ್ಯ ಕೇಂದ್ರ: ಮೊದಲಿಗೆ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರನ್ನು ಕಾಣಬಹುದು. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆಯೂ ಇಲ್ಲಿ ನಡೆಯುತ್ತದೆ.

10.2 ತಾಲ್ಲೂಕು ಮಟ್ಟದ ಆಸ್ಪತ್ರೆಗಳು: ಬಂಟ್ವಾಳ ಹಾಗೂ ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಗಳು ಮತ್ತು ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನಗಳಂದು ಭೇಟಿ ನೀಡುವ ವ್ಯವಸ್ಥೆಯಿದೆ. ಹೊರಡುವ ಮೊದಲು ಭೇಟಿಯ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು.

10.3 ಜಿಲ್ಲಾ ಆಸ್ಪತ್ರೆ: ಹೆಚ್ಚಿನ ತಪಾಸಣೆ ಅಗತ್ಯವಿದ್ದಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕಳುಹಿಸಿಕೊಡಲಾಗುತ್ತದೆ.

10.4 ಟೆಲಿ ಮಾನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ದೂರವಾಣಿ ಸೇವೆ. ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಆಪ್ತಸಮಾಲೋಚನೆ ಲಭ್ಯ. ನಿದ್ರೆ ಬಾರದಿರುವುದನ್ನೂ ಕಾರಣವಾಗಿ ತಿಳಿಸಿ ಕರೆ ಮಾಡಬಹುದು. ಇದಕ್ಕೆ ಯಾವುದೇ ಅರ್ಜಿ ಅಥವಾ ದಾಖಲೆ ಬೇಕಾಗಿಲ್ಲ.

10.5 ಇ-ಸಂಜೀವಿನಿ: ಮನೆಯಿಂದಲೇ ಮೊಬೈಲ್ ಮೂಲಕ ಅಥವಾ ಆರೋಗ್ಯ ಕೇಂದ್ರದ ಸಿಬ್ಬಂದಿಯ ಸಹಾಯದಿಂದ ವೈದ್ಯರೊಡನೆ ಉಚಿತವಾಗಿ ಸಮಾಲೋಚಿಸುವ ಸೌಲಭ್ಯ.

ಆಸ್ಪತ್ರೆಗೆ ಬರುವಾಗ ತರಬೇಕಾದವು: ಗುರುತಿನ ಚೀಟಿ, ಪಡಿತರ ಚೀಟಿ, ಈಗ ಸೇವಿಸುತ್ತಿರುವ ಎಲ್ಲ ಔಷಧಗಳು, ಹಿಂದಿನ ಚಿಕಿತ್ಸೆಯ ದಾಖಲೆಗಳು ಮತ್ತು ಭಾಗ 5ರಲ್ಲಿ ತಿಳಿಸಿದ 2 ವಾರದ ನಿದ್ರೆಯ ಲೆಕ್ಕಪಟ್ಟಿ. ಗೊರಕೆಯ ತೊಂದರೆಯಿದ್ದಲ್ಲಿ ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆತರುವುದು.

ಗೋಪ್ಯತೆ: ಮನೋವೈದ್ಯರ ಬಳಿಗೆ ಹೋದುದು ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಹಲವರು ವರ್ಷಗಟ್ಟಲೆ ನಿದ್ರೆಗೆಟ್ಟು ಬಳಲುತ್ತಾರೆ. ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮ, 2017ರ ಮೇರೆಗೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ರೋಗಿಯ ಹಕ್ಕಾಗಿರುತ್ತದೆ.

11. ರಾತ್ರಿಯ ಶಬ್ದದ ಬಗ್ಗೆ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಮೇರೆಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ರಾತ್ರಿ 12ರವರೆಗೆ ಅನುಮತಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್. ತೊಂದರೆಯಾದಲ್ಲಿ ಸ್ಥಳೀಯ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸಬಹುದು. ಅಕ್ಕಪಕ್ಕದಲ್ಲಿ ಹಸುಗೂಸು, ಬಾಣಂತಿ ಅಥವಾ ಹಾಸಿಗೆ ಹಿಡಿದ ರೋಗಿ ಇರುವ ಮನೆಗಳಿದ್ದಲ್ಲಿ ಕಾರ್ಯಕ್ರಮದ ಸಂಘಟಕರು ಧ್ವನಿವರ್ಧಕದ ದಿಕ್ಕನ್ನು ಬದಲಿಸಿ ಸಹಕರಿಸಲು ಕೋರಲಾಗಿದೆ.

12. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಒಂದು ರಾತ್ರಿ ನಿದ್ರೆಯೇ ಬರಲಿಲ್ಲ. ಮಾರನೆಯ ದಿನ ತಡವಾಗಿ ಏಳಬಹುದೇ?
ಉತ್ತರ: ಬೇಡ. ಎಂದಿನ ವೇಳೆಗೇ ಏಳಬೇಕು. ಒಂದು ರಾತ್ರಿಯ ಕೊರತೆಯು ಮುಂದಿನ ರಾತ್ರಿಯ ನಿದ್ರೆಯನ್ನು ಗಾಢವಾಗಿಸುತ್ತದೆ. ಆದರೆ ಆ ದಿನ ವಾಹನ ಚಲಾಯಿಸಬಾರದು, ಮರ ಏರಬಾರದು.

ಪ್ರಶ್ನೆ: ಈ ಕ್ರಮಗಳಿಂದ ಎಷ್ಟು ದಿನಗಳಲ್ಲಿ ಪರಿಣಾಮ ಕಾಣುತ್ತದೆ?
ಉತ್ತರ: ಸಾಮಾನ್ಯವಾಗಿ 4ರಿಂದ 8 ವಾರ. ಮೊದಲ ಒಂದೆರಡು ವಾರ ದಣಿವು ಹೆಚ್ಚಿದಂತೆ ತೋರಬಹುದು. ಇದರಿಂದ ನಿರಾಶರಾಗಬಾರದು.

ಪ್ರಶ್ನೆ: ಹಾಸಿಗೆಯಲ್ಲಿ ಕಣ್ಣು ಮುಚ್ಚಿ "ಈಗ ನಿದ್ರೆ ಬರಲಿ" ಎಂದು ಪ್ರಯತ್ನಿಸಿದಷ್ಟೂ ಎಚ್ಚರ ಹೆಚ್ಚುತ್ತದೆ. ಏಕೆ?
ಉತ್ತರ: ಪ್ರಯತ್ನವೆಂಬುದೇ ಎಚ್ಚರದ ಲಕ್ಷಣ. ಅಂತಹ ಹೊತ್ತಿನಲ್ಲಿ ನಿದ್ರಿಸುವ ಪ್ರಯತ್ನವನ್ನು ಬಿಟ್ಟು ಭಾಗ 4.4ರಂತೆ ನಡೆಯುವುದು. ನಾಳೆ ಬೆಳಿಗ್ಗೆ ನಿಶ್ಚಿತ ವೇಳೆಗೆ ಎದ್ದರೆ ಆ ದಿನದ ಕರ್ತವ್ಯ ಮುಗಿಯಿತೆಂದು ತಿಳಿಯತಕ್ಕದ್ದು.

ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರವಾಗಿದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ. ತೊಂದರೆ ಮುಂದುವರಿದಲ್ಲಿ ಸಂಕೋಚಪಡದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ ಸೇವೆಯ ಪ್ರಯೋಜನ ಪಡೆಯಲು ನಾಗರಿಕರಲ್ಲಿ ಕೋರಲಾಗಿದೆ.